ಇಪ್ಪತ್ನಾಲ್ಕು ಬೈಟಿನಲ್ಲಿ ಹಿಡಿಸದ ತಾಯಿ

ಮಕ್ಕಳ ಆಶ್ರಮದ ದಾಖಲೆ ಗುಮಾಸ್ತನಿಗೆ ಎಲ್ಲರೂ ಪಂಡಿತ ಎಂದು ಅಡ್ಡಹೆಸರಿಟ್ಟಿದ್ದರು. ಅದು ಗೇಲಿಯೆಂದು ಹೊಳೆಯದಷ್ಟು ಅವನು ಪಂಡಿತನಾಗಿದ್ದ. ಸಂಜೆ ತರಗತಿಗೆ ಹೋಗಿ ಸಿ ಭಾಷೆ ಕಲಿತು, ಹಳೇ ರಿಜಿಸ್ಟರುಗಳನ್ನು ಕಂಪ್ಯೂಟರಿಗೆ ಏರಿಸುವ ಪ್ರೋಗ್ರಾಮನ್ನು ತಾನೇ ಬರೆದಿದ್ದ. ಮಗುವಿನ ಕ್ರಮಸಂಖ್ಯೆ, ಬಂದ ವರ್ಷ, ತೂಕ, ಬಿಟ್ಟುಹೋದ ತಾಯಿಯ ಹೆಸರು. ಒಂದು ಮಗುವಿಗೆ ಇಷ್ಟೇ.

ಹೊರಗಿನ ಬೆಂಚಿಗೆ ಒಬ್ಬ ವೆಲ್ಡರ್ ಬಂದು ಕೂರುತ್ತಿದ್ದ. ನಲವತ್ತೊಂದು ವರ್ಷದ ಹಿಂದೆ ಅವನನ್ನು ಇಲ್ಲಿ ಬಿಟ್ಟುಹೋಗಿದ್ದರು. ಕಿಸೆಯಲ್ಲಿ ಚೀಟಿ, ಅದರ ಮೇಲೆ 618. ಅವನಿಗೆ ಬೇಕಿದ್ದದ್ದು ತಾಯಿಯ ಹೆಸರೊಂದೇ.

“ರಿಜಿಸ್ಟರ್ ಅಲ್ಲೇ ಇದೆಯಲ್ಲ ಸಾರ್, ಒಂದ್ಸಲ ತೆಗೆದು ನೋಡಿಬಿಡಿ.”

“ಅದೆಲ್ಲ ಓಬೀರಾಯನ ಕಾಲದ್ದು ಕಣಪ್ಪ. ಕಂಪ್ಯೂಟರಿಗೆ ಹಾಕೋದು ಮುಗೀಲಿ. ಒಂದು ಗುಂಡಿ ಒತ್ತಿದ್ರೆ ನಿಮ್ಮಮ್ಮ ಬರ್ತಾಳೆ.”

ರಿಜಿಸ್ಟರುಗಳ ಬೀರು ಪಂಡಿತನ ಕುರ್ಚಿಯಿಂದ ಎರಡು ಮಾರು ದೂರವಿತ್ತು. ಅವನು ಏಳಲಿಲ್ಲ. ನಾಲ್ಕು ತಿಂಗಳಲ್ಲಿ ಮೂರು ಸಲ ವೆಲ್ಡರನನ್ನು ಹೀಗೇ ಸಾಗಹಾಕಿದ.

ಆ ಕಚೇರಿಯಲ್ಲಿ ಕಂಪ್ಯೂಟರ್ ಆರಿಸುವ ರೂಢಿಯಿರಲಿಲ್ಲ. ಮುದಿ ಯಂತ್ರ, ಆರಿದರೆ ಮತ್ತೆ ಏಳುತ್ತದೋ ಇಲ್ಲವೋ ಎಂದು ಸಂಜೆ ಪರದೆಯನ್ನಷ್ಟೇ ಆರಿಸುತ್ತಿದ್ದರು. ಹೀಗಾಗಿ ಪಂಡಿತನ ಪ್ರೋಗ್ರಾಮೂ ಎಡೆಬಿಡದೆ ಓಡುತ್ತಿತ್ತು. ದಿನಾ ಫೈಲಿನಿಂದ ಹತ್ತು ಹೆಸರು ತೆಗೆದು ರಿಜಿಸ್ಟರಿನೊಂದಿಗೆ ತಾಳೆ ನೋಡುತ್ತಿದ್ದ, ಹತ್ತೂ ಸರಿ. ಮೂರು ಸಾವಿರದ ನೂರು ಮಕ್ಕಳು ಮುಗಿದ ದಿನ ಮೇಲ್ವಿಚಾರಕಿ ರಿಜಿಸ್ಟರುಗಳನ್ನೆಲ್ಲ ಕಾಗದದ ಕಾರ್ಖಾನೆಗೆ ಕಳಿಸಿದರು. ಅದರ ಮಾರನೇ ವಾರ ಕಂಪ್ಯೂಟರನ್ನು ಆರಿಸಿ ಹೊಸ ಕೋಣೆಗೆ ಸಾಗಿಸಿದರು.

ಯಂತ್ರವೇನೋ ಎದ್ದಿತು. ಕ್ರಮಸಂಖ್ಯೆ ಸರಿ, ವರ್ಷ ಸರಿ, ತೂಕವೂ ಸರಿ. ತಾಯಿಯ ಹೆಸರು ಬರಬೇಕಾದಲ್ಲಿ ಮಾತ್ರ ಪ್ರೋಗ್ರಾಮು ಸತ್ತುಬೀಳುತ್ತಿತ್ತು. ಪಂಡಿತ ಮೊದಲು ಡಿಸ್ಕನ್ನು ಬೈದ. ಆಮೇಲೆ ಫೈಲು ಸರಿಯಾಗಿ ಮುಚ್ಚಿಲ್ಲವೇನೋ ಎಂದು ನೋಡಿದ, ಮುಚ್ಚಿತ್ತು. ಕೊನೆಗೆ ಫೈಲಿನ ಗಾತ್ರವನ್ನು ಮಕ್ಕಳ ಸಂಖ್ಯೆಯಿಂದ ಭಾಗಿಸಿದ. ತಲೆಗೆ ಇಪ್ಪತ್ನಾಲ್ಕು ಬೈಟು. ಗಿಡ್ಡ ಹೆಸರಿಗೂ ಅಷ್ಟೇ, ಮಾರುದ್ದದ ಹೆಸರಿಗೂ ಅಷ್ಟೇ. ಅವನು ತಾನು ಬರೆದ ಪ್ರೋಗ್ರಾಮನ್ನೇ ತೆರೆದು ನೋಡಿದ.

ಅದರಲ್ಲಿ ಹೆಸರಿನ ಮುಂದೆ ಅವನೊಂದು ನಕ್ಷತ್ರದ ಗುರುತು ಹಾಕಿದ್ದ; ಸಿ ಭಾಷೆಯಲ್ಲಿ ಅದು ವಿಳಾಸದ ಗುರುತು. ಫೈಲಿಗೆ ಹೋಗಿದ್ದದ್ದು ಹೆಸರಲ್ಲ, ಆ ಹೆಸರು ಯಂತ್ರದ ನೆನಪಿನಲ್ಲಿ ಎಲ್ಲಿ ಕೂತಿದೆ ಎಂಬ ವಿಳಾಸ. ಪ್ರೋಗ್ರಾಮು ಓಡುವಷ್ಟು ದಿನ ಆ ವಿಳಾಸಕ್ಕೆ ಹೋದರೆ ತಾಯಿ ಸಿಗುತ್ತಿದ್ದಳು. ಯಂತ್ರ ಆರಿದ್ದೇ ಅದರ ನೆನಪೆಲ್ಲ ಅಳಿಸಿಹೋಗಿ, ಈಗ ಮೂರು ಸಾವಿರದ ನೂರು ಮನೆಗಳೂ ಖಾಲಿ.

ಕಾರ್ಖಾನೆಗೆ ಫೋನು ಮಾಡಿದ. “ಅದಾ? ಆಗ್ಲೇ ಅರೆದು ಗಂಜಿ ಮಾಡಾಯ್ತಲ್ಲ,” ಎಂದರು.

ಸೋಮವಾರ ವೆಲ್ಡರ್ ಬಂದ, ಒಗೆದ ಅಂಗಿ ತೊಟ್ಟು. ಮೇಲ್ವಿಚಾರಕಿ ಕಂಪ್ಯೂಟರಿನ ಪ್ರತಾಪ ನೋಡಲು ಪಂಡಿತನ ಬೆನ್ನ ಹಿಂದೆಯೇ ನಿಂತಿದ್ದರು. ಪರದೆಯ ಅಕ್ಷರ ಅವರ ಕಣ್ಣಿಗೆ ನಿಲುಕುತ್ತಿರಲಿಲ್ಲ.

“ಎಲ್ಲಿ, ಒತ್ತಪ್ಪ ನಿನ್ನ ಗುಂಡಿ,” ಎಂದರು.

618ರ ತಾಯಿಯ ಹೆಸರನ್ನು ಅಂದು ಟೈಪು ಮಾಡಿದ್ದೂ ಇದೇ ಬೆರಳು. ಪಂಡಿತ ನೆನಪಿಗಾಗಿ ಒದ್ದಾಡಿದ, ಒಂದಕ್ಷರವೂ ಬರಲಿಲ್ಲ. ಬೆನ್ನ ಹಿಂದೆ ಅವನ ಕೆಲಸ ಕಳೆಯಬಲ್ಲ ಮೇಲ್ವಿಚಾರಕಿ, ಎದುರಿಗೆ ವೆಲ್ಡರನ ಆ ಮುಖ. ಅವನು ಗುಂಡಿ ಒತ್ತಿ, ಮನೆಯಲ್ಲಿ ಬಿಸಿಲಿಗೆ ಕೂತು ಕಾಳು ಆರಿಸುತ್ತಿದ್ದ ತನ್ನ ಹೆತ್ತಮ್ಮನ ಹೆಸರನ್ನು ಓದಿಹೇಳಿದ.

ವೆಲ್ಡರ್ ಅದನ್ನು ಎರಡು ಸಲ ಮೆಲ್ಲಗೆ ಹೇಳಿಕೊಂಡ. ಸುಟ್ಟ ಕಲೆಗಳ ಕೈಯಿಂದ ಕಂಪ್ಯೂಟರನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ.

“ಇಷ್ಟು ಸಾಕು ಸಾರ್. ಇನ್ನು ಬದುಕಿರೋವರೆಗೂ ಹುಡುಕ್ತೀನಿ.”

“ಪರವಾಗಿಲ್ವೇ ಪಂಡಿತ!” ಎಂದು ಮೇಲ್ವಿಚಾರಕಿ ಭುಜ ತಟ್ಟಿ, ಬೆಂಚಿನ ಮೇಲಿದ್ದ ಹೆಂಗಸನ್ನು ಕೂಗಿದರು. ಅವಳ ಚೀಟಿಯಲ್ಲಿ 1204 ಎಂದಿತ್ತು. ಪಂಡಿತನ ಬಾಯಿಗೆ ಈ ಸಲ ಅವನ ಸೋದರತ್ತೆಯ ಹೆಸರು ಬಂತು.