ಅವ್ವನ ಕೈ ನಿಂತ ಸಾಲುಗಳು

ನಾನು ಪದವಿ ಓದುತ್ತಿದ್ದ ವರ್ಷಗಳಲ್ಲಿ ನಮ್ಮ ಮನೆಯಲ್ಲಿ ಬೆಳಗಾಗುತ್ತಿದ್ದದ್ದು ರೊಟ್ಟಿ ಬಡಿಯುವ ಸಪ್ಪಳದಿಂದ. ಕೊಟ್ಟೂರಿನ ಬಸ್‌ ನಿಲ್ದಾಣದ ಹತ್ತಿರ ಇದ್ದ ಒಂದು ಖಾನಾವಳಿಗೆ ಅವ್ವ ಜೋಳದ ರೊಟ್ಟಿ ಮಾಡಿಕೊಡುತ್ತಿದ್ದಳು. ಅಪ್ಪ ತನ್ನ ತಮ್ಮನ ಜೊತೆ ಕುರಿ ಹೊಡೆದುಕೊಂಡು ಹೊಳಲಿನ ಕಡೆ ಹೋದನೆಂದರೆ ತಿಂಗಳುಗಟ್ಟಲೆ ಮನೆಯ ಕಡೆ ಮುಖ ಹಾಕುತ್ತಿರಲಿಲ್ಲ. ಮನೆಯಲ್ಲಿ ನಾವಿಬ್ಬರೇ.

ಬೆಳಿಗ್ಗೆ ಕಾಲೇಜು. ಅಲ್ಲಿಂದ ನೇರ ಝೆರಾಕ್ಸ್‌ ಅಂಗಡಿ, ಬಾಗಿಲು ಹಾಕುವವರೆಗೆ ಟೈಪಿಂಗ್‌ ಕೆಲಸ. ಇದರ ಸಂದಿನಲ್ಲಿ ಪತ್ರಿಕೆಯೊಂದರ ವಾರದ ಪುರವಣಿಗೆ ಬರೆಯುತ್ತಿದ್ದೆ. ಅಂಗಡಿಯಲ್ಲಿ ಪ್ರಿಂಟ್‌ ಕೆಟ್ಟ ಹಾಳೆಗಳನ್ನು ತಂದಿಟ್ಟುಕೊಂಡು, ಒಂದು ಬದಿಗೆ ಯಾರದೋ ಆದಾಯ ಪ್ರಮಾಣಪತ್ರದ ಅರ್ಜಿ, ಇನ್ನೊಂದು ಬದಿಗೆ ನನ್ನ ಲೇಖನ. ಪತ್ರಿಕೆಯವರು ನನ್ನನ್ನು ಹವ್ಯಾಸಿ ಬರಹಗಾರ್ತಿ ಅಂದಾಗ ಉಬ್ಬಿಹೋಗಿದ್ದೆ. ಹವ್ಯಾಸಕ್ಕೆ ಬಿಡುವು ಬೇಕಾಗುತ್ತದೆ ಎಂದು ಅವರಿಗೆ ಹೇಳುವವರು ಯಾರು?

ನನಗೆ ಬಿಡುವು ಎಂದಿದ್ದರೆ ಅದು ಬೆಳಗಿನ ಒಂದು ತಾಸು. ಅವ್ವನಿಗೆ ಮೈ ಮುರಿಯುವಷ್ಟು ಕೆಲಸವಿರುತ್ತಿದ್ದದ್ದೂ ಅದೇ ಹೊತ್ತಿಗೆ. ಅವಳು ಒಲೆಯ ಮುಂದೆ ಕೂತು ಬಡಿಯುವಳು, ನಾನು ಗೋಡೆಗೆ ಒರಗಿ, ಹಾಳೆ ಮುಖಕ್ಕೆ ಹಿಡಿದು, ಬರೆದದ್ದನ್ನು ಗಟ್ಟಿಯಾಗಿ ಓದುವೆ. ಅವಳು ನಡುವೆ ಏನಾದರೂ ಅಂದರೆ ನನಗೆ ಎಲ್ಲಿಲ್ಲದ ಸಿಟ್ಟು. "ಓದು ಮುಗಿಯೋತನಕ ಸುಮ್ನ ಇರವ್ವ" ಎಂದು ಗದರುತ್ತಿದ್ದೆ. ಮುಗಿದ ಮೇಲೆ ಹೇಗಿದೆ ಎಂದು ಕೇಳಿದರೆ ಅವಳದು ಒಂದೇ ಉತ್ತರ. "ಚೊಲೋ ಐತಿ." ಕುರಿಯ ಮೇಲೆ ಬರೆದರೂ ಚೊಲೋ, ಕಾಲೇಜಿನ ಮೇಲೆ ಬರೆದರೂ ಚೊಲೋ. ಮಗಳ ಬರಹ ಎಂಬ ಮೋಹಕ್ಕೆ ಹಾಗೆನ್ನುತ್ತಾಳೆ ಎಂದು ಅವಳ ಮಾತನ್ನು ನಾನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ.

ಆದರೆ ಒಂದು ಬೆಳಿಗ್ಗೆ ಅಪ್ಪನ ಮಂದೆಯ ಮೇಲೆ ಬರೆದದ್ದನ್ನು ಓದುತ್ತಿದ್ದೆ. ಸತ್ತ ಮರಿಯನ್ನು ಬಿಟ್ಟು ಬರಲು ಒಪ್ಪದೆ ತಾಯಿ ಕುರಿ ದಾರಿಯುದ್ದಕ್ಕೂ ಹಿಂದಕ್ಕೆ ಓಡುತ್ತಿದ್ದ ಭಾಗ ಬಂದಾಗ ಸಪ್ಪಳ ನಿಂತಿತು. ತಲೆಯೆತ್ತಿ ನೋಡಿದರೆ ಅವ್ವ ಹಿಟ್ಟಿನ ಕೈಯ ಹಿಂಬದಿಯಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಅರ್ಧ ಬಡಿದ ರೊಟ್ಟಿಯ ಅಂಚು ಬಿರಿದಿತ್ತು. ಆ ಲೇಖನ ಒಂದಕ್ಷರವೂ ಬದಲಾಗದೆ ಅಚ್ಚಾಯಿತು.

ಅವತ್ತಿನಿಂದ ಅವ್ವನ ಕೈಯೇ ನನ್ನ ಗುರು. ಅವಳ ಬಾಯಿ ಹೇಳಿದ್ದನ್ನು ಬಿಟ್ಟು ಕೈ ಹೇಳಿದ್ದನ್ನು ನಂಬಿದೆ. ಸಪ್ಪಳ ಎಡೆಬಿಡದೆ ಸಾಗಿದರೆ ಆ ಸಾಲು ಸಪ್ಪೆ ಎಂದು ಹೊಡೆದುಹಾಕುವೆ. ನಿಂತರೆ ಪಕ್ಕದಲ್ಲಿ ಗೀಟು ಹಾಕುವೆ. ತಲೆ ಎತ್ತಿ ನೋಡುವ ಗೋಜಿಗೆ ಹೋಗುತ್ತಿರಲಿಲ್ಲ, ಕಿವಿಯೇ ಸಾಕಿತ್ತು.

ಕೊನೆಯ ವರ್ಷಕ್ಕೆ ಬರುವ ಹೊತ್ತಿಗೆ ಅವ್ವನ ಕೈ ಮೇಲಿಂದ ಮೇಲೆ ನಿಲ್ಲತೊಡಗಿತು. ನನ್ನ ಖುಷಿಗೆ ಪಾರವೇ ಇರಲಿಲ್ಲ. ಬರವಣಿಗೆ ಪಳಗುತ್ತಿದೆ ಎಂದುಕೊಂಡೆ. ಹಗರಿಬೊಮ್ಮನಹಳ್ಳಿಯ ಬಸ್ಸು ತಡವಾಗಿ ಬರುವುದರ ಬಗ್ಗೆ ಓದಿದರೂ ಅವ್ವನ ಕೈ ನಿಲ್ಲುತ್ತಿತ್ತು. ಕಾನಹೊಸಹಳ್ಳಿಯ ರಸ್ತೆ ಬದಿಯ ಅಂಗಡಿಗಳನ್ನು ಬಣ್ಣಿಸಿದರೂ ನಿಲ್ಲುತ್ತಿತ್ತು. ಪುರವಣಿಯವರು ಮಾತ್ರ ಅಂಥ ಸಾಲುಗಳನ್ನೇ ಹುಡುಕಿದಂತೆ ಕತ್ತರಿಸಿ ಉಳಿದದ್ದನ್ನು ಅಚ್ಚು ಹಾಕುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. "ಒಳಗ ಫ್ಯಾನಿನ ಕೆಳಗ ಕುಂತೋರಿಗೆ ಏನ್‌ ಗೊತ್ತಾಗ್ತೈತಿ?" ಎಂದು ಅವ್ವನ ಮುಂದೆ ಅವರನ್ನು ಬೈದೆ. ಅವಳು ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ನಕ್ಕಳು. ಆ ನಗುವೊಂದೇ ನನ್ನ ಕಣ್ಣಿಗೆ ಬಿತ್ತು.

ಪರೀಕ್ಷೆ ಹತ್ತಿರ ಬಂದಿತ್ತು. ಅಂಗಡಿಯಲ್ಲಿ ಮದುವೆ ಪತ್ರಿಕೆಗಳ ಸುಗ್ಗಿ. ಪುರವಣಿಯವರು ಲೇಖನ ಎಲ್ಲಿ ಎಂದು ಎರಡು ಸಲ ಫೋನ್‌ ಮಾಡಿದ್ದರು. ಅವತ್ತು ಬೆಳಿಗ್ಗೆ ಓದಲು ಕೂತವಳಿಗೆ ಬೇಗ ಮುಗಿಸುವ ಅವಸರ. ಎರಡನೆಯ ಪುಟಕ್ಕೆ ಬರುವಷ್ಟರಲ್ಲಿ ಸಪ್ಪಳ ನಿಂತಿತು. ಗೀಟು ಹಾಕಿದೆ. ಮುಂದಿನ ಸಾಲಿಗೂ ಸಪ್ಪಳ ಇಲ್ಲ, ಅದರ ಮುಂದಿನದಕ್ಕೂ ಇಲ್ಲ. ಒಳಗೊಳಗೇ ಹಿಗ್ಗುತ್ತ, ದನಿ ಏರಿಸಿ, ಇಡೀ ಪುಟ ಓದಿದೆ. ಹಂಚಿನ ಮೇಲಿದ್ದ ರೊಟ್ಟಿ ಸೀದ ವಾಸನೆ ಬಂದಾಗ ಹಾಳೆ ಇಳಿಸಿದೆ. ಅವ್ವ ಗೋಡೆಗೆ ವಾಲಿದ್ದಳು. ಬಾಯಿ ಒಂದು ಕಡೆಗೆ ಎಳೆದಿತ್ತು. ಬಲಗೈ ಹಿಟ್ಟಿನ ಮೇಲೆ ಬಿದ್ದಿತ್ತು.

ಆಟೋದಲ್ಲಿ ಕೂಡ್ಲಿಗಿಗೆ ಕರೆದೊಯ್ದೆ. ಅಲ್ಲಿಂದ ಬಳ್ಳಾರಿಗೆ ಕಳಿಸಿದರು. ಕುರಿಗಳನ್ನು ತಮ್ಮನಿಗೆ ಒಪ್ಪಿಸಿ ಅಪ್ಪ ಕಂಬಳಿಯ ಸಮೇತ ಆಸ್ಪತ್ರೆಗೇ ಬಂದ. ಲಕ್ವಾ ಹೊಡೆದಿದೆ ಎಂದರು. ಕೆಲವು ದಿನಗಳ ಮೇಲೆ ಅವ್ವನಿಗೆ ತೊದಲುತ್ತ ಮಾತು ಬಂತು. ಕೈ ಬರಲಿಲ್ಲ.

ಡಾಕ್ಟರು ಒಂದು ಬೆಳಿಗ್ಗೆ ಅಪ್ಪನ ಎದುರಿಗೇ ಕೇಳಿದರು. "ಇದಕ್ಕ ಮುಂಚೆ ಯಾವಾಗಾದ್ರೂ ಕೈ ಜೋಮು ಹಿಡಿಯೋದು, ಶಕ್ತಿ ಹೋದಂಗ ಆಗೋದು ಇತ್ತೇನು?"

"ಇಲ್ಲ ಸರ್‌" ಎಂದೆ. ಅವಳ ಜೊತೆ ಇದ್ದವಳು ನಾನೇ ಅಲ್ಲವೆ? ಅಷ್ಟು ಖಚಿತವಾಗಿ ಹೇಳಿದೆ.

ಅವ್ವ ಎಡಗೈಯಿಂದ ನನ್ನ ಸೆರಗು ಜಗ್ಗಿದಳು. "ಆಗ್ತಿತ್ತು... ಭಾಳ ಸಲ. ಈಕಿ ಓದೂ ಹೊತ್ತಿನ್ಯಾಗ. ಸ್ವಲ್ಪ ಹೊತ್ತು ಬಿಟ್ರ... ಸರಿ ಹೋಗ್ತಿತ್ತು."

ಡಾಕ್ಟರು ಹೋದ ಮೇಲೆ ಕೇಳಿದೆ. "ಯಾಕ ಹೇಳಲಿಲ್ಲವ್ವ? ಪಕ್ಕದಾಗ ಇದ್ನಲ್ಲ!"

"ನಡುವ ಮಾತಾಡಿದ್ರ... ನಿನಗ ಸಿಟ್ಟು ಬರ್ತಿತ್ತಲ್ಲವ್ವ."

ಬೈಯುವ ದನಿಯಲ್ಲ ಅದು. ಒಲೆ ಹೊಗೆಯಾಡುತ್ತಿದೆ ಎಂದು ಹೇಳಿದಷ್ಟೇ ಸಹಜವಾಗಿ ಹೇಳಿದಳು. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು, ಓಡಾಡುವವರ ಪರಿವೆಯಿಲ್ಲದೆ ಅತ್ತೆ.

ಮನೆಗೆ ಬಂದ ಮೇಲೆ ಒಲೆ ನನ್ನ ಪಾಲಿಗೆ ಬಂತು. ಖಾನಾವಳಿಯವರು ಬೇರೆಯವರನ್ನು ಹುಡುಕಿಕೊಂಡರು. ಪರೀಕ್ಷೆ ಹೇಗೋ ಬರೆದೆ, ಪಾಸೂ ಆದೆ. ಅಂಗಡಿಯ ಕೆಲಸ ಬಿಡುವಂತಿರಲಿಲ್ಲ. ಬಿಟ್ಟದ್ದು ಬರವಣಿಗೆ. ಅವ್ವ ಮಾತ್ರ ಬಿಡಲಿಲ್ಲ. "ಏನರ ಓದ, ಬ್ಯಾಸರ ಬರ್ತೈತಿ" ಎನ್ನುವಳು. ಒಮ್ಮೆ ಹಳೆಯ ಹಾಳೆಗಳನ್ನು ತೆಗೆದು, ಕುರಿಮರಿಯ ಸಾಲಿನಿಂದ ಹಿಡಿದು ಗೀಟು ಹಾಕಿದ ಸಾಲುಗಳನ್ನೆಲ್ಲ ಒಂದೊಂದಾಗಿ ಓದಿ, ಕೈ ಯಾಕೆ ನಿಂತಿತ್ತು ಎಂದು ಕೇಳಿದೆ. ಕುರಿಮರಿಯ ಸಾಲು ಕೇಳಿ, "ಅದು ಖರೇನ ಅಳು ಬಂದಿತ್ತು" ಎಂದಳು. ಉಳಿದವು? ಅವಳು ವಾಲಿದ ಬಾಯಲ್ಲೇ ನಕ್ಕಳು. "ಉಳಿದವೂ ಚೊಲೋನ ಅದಾವ ಬಿಡು." ಆ ಮಾತನ್ನು ಮೊದಲಿನಂತೆ ತಳ್ಳಿಹಾಕಲು ನನಗೆ ಮನಸ್ಸಾಗಲಿಲ್ಲ.

ಹೋದ ಮಳೆಗಾಲದಲ್ಲಿ ಎರಡನೆಯ ಸಲ ಲಕ್ವಾ ಹೊಡೆಯಿತು. ಆಸ್ಪತ್ರೆ ಮುಟ್ಟುವ ಮೊದಲೇ ಅವ್ವ ಹೋದಳು. ಅವಳಿಲ್ಲದ ಮನೆಯಲ್ಲಿ ಬಾಯಿಬಿಟ್ಟು ಏನನ್ನೂ ಓದಲು ನನ್ನಿಂದ ಇವತ್ತಿಗೂ ಆಗಿಲ್ಲ.

ಅಪ್ಪ ಈಗ ಕುರಿಗಳ ಹಿಂದೆ ಹೋಗುವುದಿಲ್ಲ. ಬೆಳಗಾದರೆ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಾನೆ. ಮೊನ್ನೆ ಅವನಿಗೆ ರೊಟ್ಟಿ ಬಡಿಯುತ್ತಿದ್ದೆ. ಎಷ್ಟೋ ತಿಂಗಳ ನಂತರ ತಲೆಯಲ್ಲಿ ಒಂದು ಸಾಲು ತಾನಾಗಿ ಹುಟ್ಟಿತು. ಅವ್ವನ ಬಗ್ಗೆಯೇ. ಕೈಜಾರಿ ಹೋದೀತೆಂದು ಅದನ್ನು ಮನಸ್ಸಿನಲ್ಲಿ ಮತ್ತೆ ಮತ್ತೆ ಹೇಳಿಕೊಳ್ಳುತ್ತಿದ್ದಾಗ ನನಗೆ ತಿಳಿಯದೆ ಕೈ ನಿಂತಿತ್ತು, ಸಪ್ಪಳವೂ.

ಹೊರಗೆ ಲೋಟ ಉರುಳಿದ ಸದ್ದಾಯಿತು. ಅಪ್ಪ ಓಡಿಬಂದು ಅಡುಗೆಮನೆಯ ಬಾಗಿಲು ಹಿಡಿದು ನಿಂತಿದ್ದ.

"ಯಾಕವ್ವ? ಕೈಗೆ ಏನಾತು?"

"ಏನಿಲ್ಲಪ್ಪ, ಏನೋ ನೆನಪಾತು" ಎಂದೆ.

ಅವನು ನನ್ನ ಕೈಯನ್ನೇ ನೋಡುತ್ತ ನಿಂತ. ನಾನು ಮತ್ತೆ ಬಡಿಯತೊಡಗಿದ ಮೇಲೆ ನಿಧಾನವಾಗಿ ಕಟ್ಟೆಗೆ ಹೋದ. ಆ ಸಾಲು ಅಷ್ಟರಲ್ಲಿ ಮರೆತುಹೋಗಿತ್ತು. ಅಪ್ಪನಿಗೆ ಹೊರಗೆ ಕೇಳಲಿ ಎಂದು, ಕೊನೆಯ ರೊಟ್ಟಿಯವರೆಗೂ ಜೋರಾಗಿಯೇ ಬಡಿದೆ.