ಬಾಡಿದ ಕಣಗಿಲೆ

ಪಕ್ಕದ ಮನೆಯ ಹುಸೇನಬಿ ನಮ್ಮ ಕಾಂಪೌಂಡಿನ ಹೊರಗೆ ತನ್ನ ಆಡಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ಆಡು ಆಗಲೇ ಸತ್ತಿತ್ತು. ಅದರ ಬಾಯಲ್ಲಿ ಕಣಗಿಲೆ ಎಲೆಯಿತ್ತು. ಎರಡು ದಿನದ ಹಿಂದೆ ಗಿಡ ಸವರಿ, ಟೊಂಗೆಗಳನ್ನು ಗೋಡೆಯಾಚೆ ಎಸೆದವಳು ನಾನೇ.

"ಹಸೀದಿದ್ರ ಕಹಿ ಅಂತ ಮೂಸೂದಿಲ್ರೀ ಅಕ್ಕಾರ, ಬಾಡಿದ್ರ ತಿಂತಾವ. ಇದು ವಿಷ ಅಂತ ನಿಮಗ್ಯಾರೂ ಹೇಳಿದ್ದಿಲ್ಲೇನ್ರೀ?" ಎಂದಳು.

ನನಗೆ ಗೊತ್ತಿತ್ತು. ಲಿಂಗಸುಗೂರಿನ ಬಿಸಿಲಿಗೂ ಬಗ್ಗದೆ ವರ್ಷವಿಡೀ ಹೂಬಿಡುತ್ತದೆ, ಆಡೂ ಮುಟ್ಟುವುದಿಲ್ಲ ಎಂದೇ ಅದನ್ನು ಗೋಡೆಯುದ್ದಕ್ಕೂ ನೆಟ್ಟಿದ್ದೆ. ಬಗ್ಗಿ, ಅಲ್ಲಿ ಉಳಿದಿದ್ದ ಟೊಂಗೆಗಳನ್ನು ಆಯತೊಡಗಿದೆ.

ಸತ್ತ ಆಡಿನ ಎರಡು ಮರಿಗಳಿಗೆ ಈಗ ದಿನಾ ನಾನೇ ಹೋಗಿ ಬಾಟಲಿಯಲ್ಲಿ ಹಾಲು ಕುಡಿಸುತ್ತೇನೆ. ನನ್ನ ಚಪ್ಪಲಿಯ ಸದ್ದು ಕೇಳಿದರೆ ಸಾಕು, ಕುಣಿಯುತ್ತಾ ಓಡಿ ಬರುತ್ತವೆ. ಅದನ್ನೇ ತಡೆದುಕೊಳ್ಳಲಾಗುವುದಿಲ್ಲ.