ಬಂದ ಕಾರಣ

ಎಂಬತ್ತರ ದಶಕದ ಒಂದು ಮಂಗಳವಾರ, ಮಧ್ಯಾಹ್ನ ಮೂರೂಕಾಲು. ಯಲಹಂಕದಾಚೆಯ ನಮ್ಮ ಕಾಲೇಜಿನ ಗೇಟಿನ ಬಳಿ ಇದ್ದವರು ಕಾವಲುಗಾರ, ಪೊಲೀಸ್ ಇನ್ಸ್‌ಪೆಕ್ಟರು ಮತ್ತು ಹಾಸ್ಟೆಲ್ ವಾರ್ಡನ್ ಆಗಿದ್ದ ನಾನು. ಧರಣಿ ಕೂತಿದ್ದ ಹುಡುಗರನ್ನು ಲಾಠಿಯಿಂದ ಬಡಿದು ಪೊಲೀಸ್ ವ್ಯಾನು ಹೊರಹೋಗಲು ಗೇಟಿಗೆ ಬಂದು ನಿಂತಿತ್ತು. ಕಾವಲುಗಾರ ಗೇಟು ತೆಗೆಯಲಿಲ್ಲ.

ರಾಜಾನುಕುಂಟೆಯಿಂದ ಸೈಕಲ್ಲಿನಲ್ಲಿ ಬರುತ್ತಿದ್ದ ಆತನ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಆದರೂ ಪ್ರಿನ್ಸಿಪಾಲರ ಭಾವಮೈದುನನೇ ಬರಲಿ, ಎಡಗೈಯಲ್ಲಿ ಗೇಟಿನ ಸರಪಳಿ ಹಿಡಿದು, ಬಲಗೈಯಲ್ಲಿ ಬಂದುಹೋಗುವವರ ಪುಸ್ತಕ ಚಾಚುತ್ತಿದ್ದ. “ಎಸರು ಬರೀರಿ ಸ್ವಾಮಿ.” ಬರುವಾಗ ನಿಲ್ಲದೆ ಒಳನುಗ್ಗಿದ್ದ ಇನ್ಸ್‌ಪೆಕ್ಟರಿಗೂ ಅಂದು ಹಾಗೆಯೇ ಚಾಚಿದ.

“ನಾನ್ಯಾರು ಗೊತ್ತೇನೋ?” ಎಂದರು ಇನ್ಸ್‌ಪೆಕ್ಟರು.

“ಗೊತ್ತಿಲ್ಲ ಸ್ವಾಮಿ, ಅದ್ಕೇ ಎಸರು ಕೇಳ್ತಿರಾದು.”

“ನಾಳೆಯಿಂದ ನಿನ್ಗೆ ಕೆಲ್ಸ ಇರಲ್ಲ.”

“ಇವತ್ತು ಐತಲ್ಲ. ಬರೀರಿ.”

ನಾನು ಹೋಗಿ ಅವನ ಪಕ್ಕ ನಿಂತೆ. ಅಧ್ಯಾಪಕರೂ ಮೆಸ್ಸಿನ ಅಡುಗೆಯವರೂ ಬಂದು ನಿಂತರು. ಇನ್ಸ್‌ಪೆಕ್ಟರು ಹೆಸರು ಗೀಚಿದರು. ಆತ ಗೇಟು ತೆಗೆದ, ವ್ಯಾನು ಹೋಯಿತು.

ಆತ ಪುಸ್ತಕ ನೋಡಿ ನನ್ನತ್ತ ತಿರುಗಿಸಿದ. “ಬಂದ ಕಾರಣ ಬರ್ದೇ ಇಲ್ವಲ್ಲ ಮೇಷ್ಟ್ರೇ. ನೀವು ಕಣ್ಣಾರೆ ಕಂಡಿದೀರಿ, ನೀವೇ ಬರೀರಿ.”

‘ವಿದ್ಯಾರ್ಥಿಗಳನ್ನು ಹೊಡೆಯಲು’ ಎಂದು ಬರೆದೆ. ಕೆಳಗೆ ನನ್ನ ಪೂರ್ತಿ ಹೆಸರು, ಹುದ್ದೆ, ಗಂಟೆ ನಮೂದಿಸಿ ರುಜು ಹಾಕಿದೆ.